ಬೆನ್ನು ತೋರಿಸಲು ಊರಿಂದ ಬರುತ್ತಿದ್ದಾರೆ



ಮುಂಬೈ ಇರಲಿ, ಪುಣೆ ಇರಲಿ, ಹೈದರಾಬಾದ್, ಚೆನ್ನೈ, ದೆಹಲಿ ಯಾವುದೇ ಇರಲಿ, ಹೊರನಾಡ ಕನ್ನಡಿಗರ ಮನೆಗೆ ಆಗಾಗ ಒಂದು ಫೋನ್ ಬಂದೇ ಬರುತ್ತದೆ. "ಇಲ್ಲಿ ಎಲ್ಲಾ ಕಡೆ ತೋರಿಸಿ ಆತು. ಸೊಂಟದ ನೋವು ಹೋಗವಲ್ದು. ನಿಮ್ಮ ಕಡೆ ದೊಡ್ಡ ಡಾಕ್ಟರ್ ಅದಾರಂತಲ್ಲ? ಬುಧವಾರ ರೈಲಿಗೆ ಹೊಂಟೀವಿ." ಟಿಕೆಟ್ ಆಗಲೇ ಬುಕ್ ಆಗಿರುತ್ತದೆ! ನಮಗೆ ಉಳಿಯುವುದು ಸ್ಟೇಷನ್ನಿಗೆ ಹೋಗುವುದು, ಹಾಸಿಗೆ ಹೊಂದಿಸುವುದು, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು.

ಆದರೆ ಇವೆಲ್ಲಕ್ಕಿಂತ ದೊಡ್ಡ ಕೆಲಸವೊಂದಿದೆ. ಡಾಕ್ಟರ ಕೋಣೆಯಲ್ಲಿ ಊರಿನ ಕನ್ನಡವನ್ನು ಈ ಊರಿನ ಭಾಷೆಗೆ ದಾಟಿಸುವ ಕೆಲಸ. ಅದರಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಿ ಮುಂದಿನ ವಿಷಯಕ್ಕೆ ಬರುತ್ತೇನೆ.

ಚಪ್ಪಲಿಯ ಕಥೆ

2017ರಲ್ಲಿ ಬಾಗಲಕೋಟೆ ಕಡೆಯಿಂದ ನಮ್ಮ ಸೋದರಮಾವ ಮುಂಬೈಗೆ ಬಂದರು. ಒಕ್ಕಲುತನದ ಮನುಷ್ಯ. ಕೈಯಲ್ಲಿ ಸೊಂಟದ ಎಂಆರ್‌ಐ, ಅದರಲ್ಲಿ "ಡಿಸ್ಕ್ ಉಬ್ಬಿದೆ" ಎಂಬ ರಿಪೋರ್ಟು. ಸೊಂಟಕ್ಕೆ ಆಪರೇಷನ್ ಬೇಕೋ ಬೇಡವೋ ಎಂದು ಕೇಳಿಕೊಂಡು ಹೋಗಲು ಬಂದಿದ್ದರು. ಇಲ್ಲಿನ ಒಂದು ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಾಲ್ಕು ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಡಾಕ್ಟರು ಹಿಂದಿಯಲ್ಲಿ ಕೇಳಿದರು, ಮಾವ ಕನ್ನಡದಲ್ಲಿ ಹೇಳಿದರು.

"ಸೊಂಟ ನೋಯ್ತದ. ಕಾಲಾಗ ಕಸುವಿಲ್ಲ. ನಡಿಯೋಮುಂದ ಚಪ್ಪಲಿ ಜಾರಿ ಹೋಗ್ತದ, ಹೋಗಿದ್ದು ಗೊತ್ತಾಗಂಗಿಲ್ಲ. ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದು."

ನಾನು ಅದನ್ನು ಹಿಂದಿಗೆ ತಂದದ್ದು ಹೀಗೆ: "ಕಮರ್ ಮೇ ದರ್ದ್ ಹೈ, ಕಮ್ಜೋರಿ ಹೈ." ಮುಗಿಯಿತು! ಚಪ್ಪಲಿ, ಗುಂಡಿ ಎರಡನ್ನೂ ಬಿಟ್ಟುಬಿಟ್ಟೆ. ಡಾಕ್ಟರ ಮುಂದೆ ಚಪ್ಪಲಿ ಸುದ್ದಿ ಯಾಕೆ, ಹೊರಗೆ ಇನ್ನೂ ಐವತ್ತು ಜನ ಕಾಯುತ್ತಿದ್ದಾರೆ ಅಂದುಕೊಂಡೆ. ನಾನು ಕನ್ನಡ ಬಿ.ಎ. ಓದಿದವಳು. ಹಳಗನ್ನಡ ಪದ್ಯಕ್ಕೆ ಅನ್ವಯಾನುಸಾರ ಅರ್ಥ ಬರೆದು ಮಾರ್ಕ್ಸ್ ತೆಗೆದವಳು. ಮೈಕಿನ ಮುಂದೆ ಒಂದಕ್ಷರ ತಪ್ಪಿದರೂ ಕೇಳುಗರು ಪತ್ರ ಬರೆಯುತ್ತಾರೆ. ಆ ದಿನ ನಾನು ನುಂಗಿದ್ದು ಒಂದಕ್ಷರವಲ್ಲ, ಎರಡು ಇಡೀ ವಾಕ್ಯ.

ಪುಣ್ಯಕ್ಕೆ ಪಕ್ಕದಲ್ಲಿ ಕೂತಿದ್ದ ಕಿರಿಯ ಡಾಕ್ಟರ ಕಿವಿಗೆ 'ಚಪ್ಪಲಿ' ಎಂಬ ಪದ ಬಿದ್ದಿತ್ತು. ಅದು ಎಲ್ಲ ಭಾಷೆಗೂ ಗೊತ್ತಿರುವ ಪದವಲ್ಲವೇ? "ಚಪ್ಪಲ್ ಕಾ ಕ್ಯಾ ಬೋಲಾ?" ಎಂದು ಕೇಳಿದರು. ಆಗ ಎಲ್ಲವನ್ನೂ ಹೇಳಿದೆ. ಅವರು ಮಾವನಿಗೆ ಅಂಗಿಯ ಗುಂಡಿ ಬಿಚ್ಚಿ ಹಾಕಲು ಹೇಳಿದರು, ಮಂಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿದರು. ಕಾಲು ಅಗತ್ಯಕ್ಕಿಂತ ಜೋರಾಗಿ ಚಿಮ್ಮಿತು. ಕತ್ತಿನ ಎಂಆರ್‌ಐ ಮಾಡಿಸಿದಾಗ ಬೆನ್ನುಹುರಿ ಕತ್ತಿನಲ್ಲಿ ಒತ್ತಿಹೋಗಿತ್ತು. ಅಂದರೆ ರೋಗ ಇದ್ದದ್ದು ಕತ್ತಿನಲ್ಲಿ, ನಾವು ಎಂಟು ತಿಂಗಳಿಂದ ಔಷಧಿ ಹಚ್ಚುತ್ತಿದ್ದದ್ದು ಸೊಂಟಕ್ಕೆ!

ಕತ್ತಿನ ಆಪರೇಷನ್ ಆಯಿತು. ಮಾವನ ನಡಿಗೆ ಸುಧಾರಿಸಿತು. ಬೆರಳುಗಳ ಜಡ ಮಾತ್ರ ಪೂರ್ತಿ ಹೋಗಲಿಲ್ಲ. ಹುರಿಯ ಮೇಲೆ ಬಹಳ ಕಾಲ ಒತ್ತಡವಿದ್ದರೆ ಕಳೆದುಕೊಂಡದ್ದೆಲ್ಲ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವತ್ತಿಗೂ ಮಾವ ಊಟಕ್ಕೆ ಚಮಚ ಕೇಳಿದಾಗ ನನಗೆ ಆ ಕೋಣೆ ನೆನಪಾಗುತ್ತದೆ.

ಬೆನ್ನಿನೊಳಗೆ ಏನಿದೆ?

ಬೆನ್ನುಮೂಳೆ ಎಂದರೆ ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಒಂದರ ಮೇಲೊಂದು ಪೇರಿಸಿದ ಈ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಮೆದುಳಿನಿಂದ ಇಳಿದುಬರುವ ಬೆನ್ನುಹುರಿ ಇದೆ. ಈ ಹುರಿ ಸೊಂಟದ ಕೊನೆಯವರೆಗೂ ಬರುವುದಿಲ್ಲ. ದೊಡ್ಡವರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲು. ನೋಡಲು ಕುದುರೆಯ ಬಾಲದಂತೆ ಇರುವುದರಿಂದ ವೈದ್ಯರು ಅದಕ್ಕೆ ಲ್ಯಾಟಿನ್ನಿನಲ್ಲಿ ಅದೇ ಹೆಸರಿಟ್ಟಿದ್ದಾರೆ: ಕಾಡಾ ಇಕ್ವೈನಾ.

ಸೊಂಟದ ಡಿಸ್ಕ್ ಒಡೆದು ಒಂದು ನರವನ್ನು ಒತ್ತಿದರೆ ನೋವು ಪೃಷ್ಠದಿಂದ ಕಾಲಿನವರೆಗೆ ಹರಿಯುತ್ತದೆ. ಇದನ್ನೇ ಸಯಾಟಿಕಾ ಅನ್ನುವುದು. ಕತ್ತಿನಲ್ಲಿ ಹುರಿಯೇ ಒತ್ತಿದರೆ ನೋವು ಕಡಿಮೆ ಇರಬಹುದು, ಕೆಲವರಿಗೆ ಇಲ್ಲದೆಯೂ ಇರಬಹುದು. ಆದರೆ ಕೈ ಕೆಲಸ ಕೆಡುತ್ತದೆ, ನಡಿಗೆ ತೂರಾಡುತ್ತದೆ, ಚಪ್ಪಲಿ ಜಾರುತ್ತದೆ. ನೋವಿಲ್ಲ ಎಂದರೆ ರೋಗವಿಲ್ಲ ಎಂದಲ್ಲ. ಈ ಒಂದು ಮಾತು ನೆನಪಿಡಿ.

ಎಲ್ಲ ಬೆನ್ನುನೋವಿಗೂ ರೈಲು ಬೇಕೇ?

ಬೇಡ. ಹೊಸದಾಗಿ ಬಂದ ಸೊಂಟನೋವು ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಡಿಸ್ಕಿನಿಂದ ಬಂದ ಕಾಲುನೋವು ಕೂಡ ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಪೂರ್ತಿ ಹಾಸಿಗೆ ಹಿಡಿಯುವುದಕ್ಕಿಂತ ಆದಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು.

ಇನ್ನು ಎಂಆರ್‌ಐ ರಿಪೋರ್ಟಿನಲ್ಲಿ "ಡಿಸ್ಕ್ ಸವೆದಿದೆ" ಎಂದು ಬರೆದದ್ದನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಡಿಸ್ಕ್ ಸವೆತ 20ರ ವಯಸ್ಸಿನವರಲ್ಲಿ ಶೇ. 37, 80ರವರಲ್ಲಿ ಶೇ. 96. ಅಂದರೆ ತಲೆಕೂದಲು ನರೆಯುವ ಹಾಗೆ ಇದೂ ವಯಸ್ಸಿನ ಗುರುತು. ಸ್ಕ್ಯಾನಿನಲ್ಲಿ ಕಂಡದ್ದು ಮೈಯಲ್ಲಿ ಆಗುತ್ತಿರುವ ತೊಂದರೆಗೆ ಹೊಂದಿದರೆ ಮಾತ್ರ ಅದಕ್ಕೆ ಬೆಲೆ.

ಇದಕ್ಕೆ ತದ್ವಿರುದ್ಧವಾದ ಸಂದರ್ಭಗಳೂ ಇವೆ. ಆಗಂತೂ ದೂರದೂರಿಗೆ ರೈಲು ಹತ್ತಲೇಬಾರದು. ಮೂತ್ರ ಕಟ್ಟಿದೆ ಅಥವಾ ತಿಳಿಯದೆ ಹೋಗುತ್ತಿದೆ, ಮಲದ ಹಿಡಿತ ತಪ್ಪಿದೆ, ತೊಡೆಸಂದಿನ ಸುತ್ತ ಸ್ಪರ್ಶವೇ ಗೊತ್ತಾಗುತ್ತಿಲ್ಲ, ಕಾಲಿನ ಬಲ ದಿನದಿನಕ್ಕೆ ಇಳಿಯುತ್ತಿದೆ ಎಂದರೆ ಆ ಕುದುರೆಬಾಲದ ನರಗಳು ಒತ್ತಿರಬಹುದು. ಅಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. 48 ಗಂಟೆಗಳೊಳಗೆ ಒತ್ತಡ ತೆಗೆದರೆ ಫಲ ಹೆಚ್ಚು ಎನ್ನುತ್ತಾರೆ. ಫೋನ್ ಮಾಡಿದವರಿಗೆ "ಇಲ್ಲಿಗೆ ಬನ್ನಿ" ಅನ್ನಬೇಡಿ. "ಈಗಲೇ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ" ಅನ್ನಿ.

ಬಿದ್ದು ಪೆಟ್ಟಾದ ಮೇಲೆ ಬಂದ ಬೆನ್ನುನೋವಿಗೂ ಇದೇ ಮಾತು. ಜ್ವರ, ರಾತ್ರಿ ಬೆವರು, ತೂಕ ಇಳಿಕೆಯ ಜೊತೆ ಬೆನ್ನುನೋವಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ಇದಕ್ಕೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮಾತ್ರೆ ಬೇಕು. ಆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಊರಲ್ಲೂ ಸಿಗುತ್ತದೆ.

ಯಾರು ಎಲ್ಲಿಗೆ ಹೋಗುತ್ತಾರೆ?

ಕರ್ನಾಟಕದಲ್ಲಿ ಡಾಕ್ಟರಿಲ್ಲ ಅಂತ ಜನ ಹೊರಗೆ ಹೋಗುತ್ತಾರೆ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಹುಬ್ಬಳ್ಳಿ, ಮಣಿಪಾಲಗಳಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಆದರೆ ಭೂಗೋಳ ಎಂಬುದೊಂದಿದೆಯಲ್ಲ! ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700. ಅಥಣಿ, ಚಿಕ್ಕೋಡಿಯವರು ತಲೆಮಾರುಗಳಿಂದ ಮಿರಜಕ್ಕೆ ಹೋಗುತ್ತಾರೆ. ಕೋಲಾರದವರು ವೆಲ್ಲೂರಿಗೆ, ಚಾಮರಾಜನಗರದವರು ಕೊಯಮತ್ತೂರಿಗೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಅವರ ಬೆನ್ನುಮೂಳೆ ವಿಭಾಗಕ್ಕೆ ವಿದೇಶಗಳಲ್ಲೂ ಹೆಸರಿದೆ. ಹೈದರಾಬಾದಿನ ನಿಮ್ಸ್ ಆರಂಭವಾದದ್ದೇ ನಿಜಾಮ್ಸ್ ಆರ್ಥೋಪೆಡಿಕ್ ಆಸ್ಪತ್ರೆ ಎಂಬ ಹೆಸರಿನಲ್ಲಿ. ಮುಂಬೈಯ ಹಾಜಿ ಅಲಿ ಬಳಿ ಕೇಂದ್ರ ಸರ್ಕಾರದ ಪುನಶ್ಚೇತನ ಸಂಸ್ಥೆ 1955ರಿಂದ ಇದೆ.

ಹೊರಡುವ ಮೊದಲು ಒಂದು ಕೆಲಸ ಮಾಡಿಸಿ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ತಂದ ಮೇಲೆ ಫೋನ್, ವಿಡಿಯೋ ಮೂಲಕ ಸಲಹೆ ಪಡೆಯುವುದು ಅಧಿಕೃತವಾಗಿದೆ. ಸ್ಕ್ಯಾನ್ ಕಳಿಸಿ ಮೊದಲ ಮಾತು ಹಾಗೆಯೇ ಮುಗಿಸಿದರೆ, ಬರುವುದು ಬೇಕೋ ಬೇಡವೋ ಗೊತ್ತಾಗುತ್ತದೆ. ಆದರೆ ಸುತ್ತಿಗೆಯಿಂದ ಮಂಡಿ ತಟ್ಟುವುದು ವಿಡಿಯೋದಲ್ಲಿ ಆಗುವುದಿಲ್ಲ. ಹಾಗಾಗಿ ಆಪರೇಷನ್ ಬೇಕೋ ಬೇಡವೋ ಎಂಬ ನಿರ್ಧಾರ ಎದುರಾಎದುರೇ ಆಗಲಿ.

ಚೀಲದಲ್ಲಿ ಏನಿರಬೇಕು?

ಅವಲಕ್ಕಿ, ಚಟ್ನಿಪುಡಿ ಹೇಗೂ ಬರುತ್ತದೆ. ಅದರ ಜೊತೆ ಇವೂ ಬರಲಿ:

- ಎಂಆರ್‌ಐ, ಎಕ್ಸ್‌ರೇ ಫಿಲ್ಮುಗಳು ಮತ್ತು ಸಿಡಿ. ಬರೀ ರಿಪೋರ್ಟಿನ ಹಾಳೆ ಸಾಲದು. ಡಾಕ್ಟರು ಚಿತ್ರವನ್ನು ಸ್ವತಃ ನೋಡಬೇಕು. ಫಿಲ್ಮ್ ಮರೆತು ಬಂದರೆ ಮತ್ತೆ ಸ್ಕ್ಯಾನ್, ಮತ್ತೆ ಖರ್ಚು.
- ಹಳೆಯ ಚೀಟಿಗಳು ತಾರೀಖಿನ ಕ್ರಮದಲ್ಲಿ. ಎಲ್ಲದರ ಫೋಟೋ ನಿಮ್ಮ ಮೊಬೈಲಿನಲ್ಲಿ.
- ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಸಕ್ಕರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ವಿಶೇಷವಾಗಿ. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು.
- ಎದೆಯಲ್ಲಿ ಪೇಸ್‌ಮೇಕರ್, ಮೈಯಲ್ಲಿ ಲೋಹದ ಪ್ಲೇಟು ಇದ್ದರೆ ಅದರ ಕಾಗದ.
- ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಆದಾಯ ಪ್ರಮಾಣಪತ್ರ.

ದಾರಿ

ಬಸ್ಸಿಗಿಂತ ರೈಲು ವಾಸಿ. ಮಲಗಬಹುದು, ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಗಂಟೆಗಟ್ಟಲೆ ಒಂದೇ ಕಡೆ ಕೂರುವುದೇ ಸೊಂಟಕ್ಕೆ ಹೆಚ್ಚು ತ್ರಾಸ. ಟಿಕೆಟ್ ಬುಕ್ ಮಾಡುವಾಗ ಕೆಳಗಿನ ಬರ್ತ್ ಕೋಟಾ ನೋಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಅದು ಅನ್ವಯವಾಗುತ್ತದೆ. 2020ರ ಮಾರ್ಚಿನಲ್ಲಿ ಹಿರಿಯ ನಾಗರಿಕರ ದರ ರಿಯಾಯಿತಿ ನಿಂತಿತು. ಆದರೆ ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ, ಅವರ ಜೊತೆ ಹೋಗುವವರಿಗೆ ರಿಯಾಯಿತಿ ಮುಂದುವರಿದಿದೆ. ದೊಡ್ಡ ಸ್ಟೇಷನ್ನುಗಳಲ್ಲಿ ಗಾಲಿಕುರ್ಚಿ ಸಿಗುತ್ತದೆ, ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ. ನೀವಿರುವುದು ಡೊಂಬಿವಲಿಯಲ್ಲಿ, ಆಸ್ಪತ್ರೆ ಪರೇಲಿನಲ್ಲಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎಂಟರ ಲೋಕಲ್ಲಿಗೆ ಬೆನ್ನುನೋವಿನವರನ್ನು ಹತ್ತಿಸಬೇಡಿ! ಎರಡು ರಾತ್ರಿಗಾದರೂ ಆಸ್ಪತ್ರೆಯ ಹತ್ತಿರ ಧರ್ಮಶಾಲೆಯೋ ಲಾಡ್ಜೋ ನೋಡಿ. ಮನೆಗೆ ಕರೆಯಲಿಲ್ಲ ಎಂದು ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೂ ಬೆನ್ನು ಸರಿಹೋದ ಮೇಲೆ ಮರೆಯುತ್ತಾರೆ.

ನೋವಿಗೆ ಎಷ್ಟು ಹೆಸರು!

ಈಗ ಮುಖ್ಯ ವಿಷಯ. ನೋವು, ಸೆಳೆತ, ಚಳುಕು, ಉರಿ, ಜೋಮು, ಜಡ, ಮರಗಟ್ಟುವುದು, ಇರುವೆ ಹರಿದ ಹಾಗೆ, ಕಸುವಿಲ್ಲ... ನಮ್ಮ ಜನ ಇವನ್ನು ಸುಮ್ಮನೆ ಬೇರೆಬೇರೆಯಾಗಿ ಹೇಳುವುದಿಲ್ಲ. ಒಂದೊಂದೂ ಒಂದೊಂದು ನರದ ಸುದ್ದಿ. ಇವನ್ನೆಲ್ಲ 'ದರ್ದ್' ಎಂಬ ಒಂದೇ ಡಬ್ಬಿಗೆ ತುಂಬಬೇಡಿ.

ಸ್ಪರ್ಶ ತಿಳಿಯುತ್ತಿಲ್ಲ ಎಂದರೆ ಹಿಂದಿಯಲ್ಲಿ 'ಸುನ್ನ್', ಮರಾಠಿಯಲ್ಲಿ 'ಬಧೀರ್', ತಮಿಳಿನಲ್ಲಿ 'ಮರತ್ತುಪ್ಪೋಚ್ಚು', ತೆಲುಗಿನಲ್ಲಿ 'ಮೊದ್ದುಬಾರಿಂದಿ'. ನಮ್ಮಲ್ಲಿ ಬಧಿರ ಎಂದರೆ ಕಿವುಡ. ಮರಾಠಿಯಲ್ಲಿ ಅದೇ ಪದ ಜಡಗಟ್ಟಿದ ಕಾಲಿಗೂ ಬರುತ್ತದೆ. ಕಾಲು ಕಿವುಡಾಗಿದೆ ಅಂದುಕೊಂಡರೆ ಮರೆಯುವುದಿಲ್ಲ. ಇರುವೆ ಹರಿದ ಹಾಗೆ ಅನ್ನುವುದಕ್ಕೆ ಮರಾಠಿಯಲ್ಲಿ 'ಮುಂಗ್ಯಾ ಯೇತಾತ್'. ಅಲ್ಲೂ ಇರುವೆಯೇ! ಹಿಂದಿಯಲ್ಲಿ 'ಝನ್‌ಝನಾಹಟ್'.

'ಕಸುವಿಲ್ಲ' ಎಂಬ ಪದದ ಬಗ್ಗೆ ಮಾತ್ರ ಎಚ್ಚರ. ಅದನ್ನು ನನ್ನ ಹಾಗೆ ಬರೀ 'ಕಮ್ಜೋರಿ' ಎಂದರೆ ಕೇಳಿದವರಿಗೆ ಸುಸ್ತು, ರಕ್ತ ಕಡಿಮೆ ಎಂದು ಅನ್ನಿಸಬಹುದು, ಟಾನಿಕ್ ಬರೆದುಕೊಡಬಹುದು! ಯಾವ ಕಾಲು, ಏನು ಮಾಡಲು ಆಗುತ್ತಿಲ್ಲ ಎಂದು ಹೇಳಿ. ಹಿಮ್ಮಡಿಯ ಮೇಲೆ ನಿಲ್ಲಲು ಆಗುತ್ತಿಲ್ಲ, ಮೆಟ್ಟಿಲು ಹತ್ತುವಾಗ ಮಂಡಿ ಮಡಚಿಕೊಳ್ಳುತ್ತದೆ, ಅನ್ನ ಕಲಸಲು ಬೆರಳು ಕೇಳುವುದಿಲ್ಲ ಎಂಬ ಹಾಗೆ.

ಚಪ್ಪಲಿಯ ಪ್ರಶ್ನೆಯಂತೂ ನಮ್ಮ ದೇಶದ ನರರೋಗ ವೈದ್ಯರು ತಾವಾಗಿಯೇ ಕೇಳುವಂಥದ್ದು ಎಂದು ನನಗೆ ಆಮೇಲೆ ತಿಳಿಯಿತು. ಜಾರುವುದು ಗೊತ್ತಾಗಿಯೂ ಹಿಡಿಯಲು ಆಗದಿದ್ದರೆ ಬಲ ಕಡಿಮೆ, ಜಾರಿದ್ದೇ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆ. ಒಂದು ಚಪ್ಪಲಿಯಿಂದ ಎಷ್ಟು ತಿಳಿಯುತ್ತದೆ ನೋಡಿ!

ಹಿಂದಿನ ರಾತ್ರಿ ಅರ್ಧ ಗಂಟೆ ಕೂತು ಬಂದವರಿಂದ ಎಲ್ಲ ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಎಂದಿನಿಂದ, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಮೂತ್ರದ ತೊಂದರೆ ಇದೆಯೇ ಎಂದೆಲ್ಲ ಕೇಳಿ. ಕೊನೆಯದನ್ನು ಅತ್ತೆ-ಸೊಸೆ, ಮಾವ-ಅಳಿಯ ಎಂಬ ನಾಚಿಕೆಯಲ್ಲಿ ಯಾರೂ ಹೇಳುವುದಿಲ್ಲ. ಅದೇ ಬಹಳ ಮುಖ್ಯ. ನಿಮ್ಮೆದುರು ಹೇಳಲು ಸಂಕೋಚವಾದರೆ ಹೆಂಗಸರ ಜೊತೆ ಹೆಂಗಸರು, ಗಂಡಸರ ಜೊತೆ ಗಂಡಸರು ಒಳಗೆ ಹೋಗಲಿ.

ಡಾಕ್ಟರನ್ನು ಕೇಳಬೇಕಾದ್ದು

ಸ್ಕ್ಯಾನಿನಲ್ಲಿ ಕಾಣುವುದಕ್ಕೂ ಇವರ ತೊಂದರೆಗೂ ಹೊಂದಾಣಿಕೆ ಇದೆಯೇ? ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ, ಎಷ್ಟು ದಿನ ಕಾಯಬಹುದು? ಆಪರೇಷನ್ನಿನಿಂದ ಹೋಗುವುದು ಕಾಲುನೋವೋ ಸೊಂಟನೋವೋ? (ಡಿಸ್ಕ್ ತೆಗೆಯುವ ಆಪರೇಷನ್ ಕಾಲಿನ ನೋವಿಗೆ ಕೊಡುವಷ್ಟು ಫಲ ಸೊಂಟದ ನೋವಿಗೆ ಕೊಡುವುದಿಲ್ಲ.) ಸ್ಕ್ರೂ, ರಾಡ್ ಹಾಕುತ್ತೀರಾ, ಅದರ ಬೆಲೆ ಪ್ಯಾಕೇಜಿನಲ್ಲಿ ಸೇರಿದೆಯೇ? ಊರಿಗೆ ಯಾವಾಗ ಹೋಗಬಹುದು? ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವಸರದ ಸ್ಥಿತಿ ಅಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅವಮಾನವೂ ಅಲ್ಲ, ಅಪನಂಬಿಕೆಯೂ ಅಲ್ಲ.

ದುಡ್ಡಿನ ಮಾತು

2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಕಾರ್ಡ್ ನಡೆಯಬೇಕೆಂಬುದು ಅದರ ವಿಶೇಷ. ಆದರೆ ಕರ್ನಾಟಕದ ಎಲ್ಲ ಕಾರ್ಡುಗಳೂ ಎಲ್ಲ ಕಡೆ ನಡೆಯುತ್ತವೆ ಎಂದು ನಂಬಿಕೊಂಡು ಹೊರಡಬೇಡಿ. 14555ಕ್ಕೆ ಫೋನ್ ಮಾಡಿ, ಹೋಗುವ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲೂ ಮೊದಲೇ ಕೇಳಿ. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10 ಹಾಸಿಗೆ ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕೆಂಬ ನಿಯಮವಿದೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ. ಆದಾಯ ಪ್ರಮಾಣಪತ್ರ ಬೇಕೆಂದದ್ದು ಇದಕ್ಕೇ.

ಆಪರೇಷನ್ನಿನ ಆಚೆ

ವಾಪಸ್ ಟಿಕೆಟ್ ಮೊದಲೇ ಬುಕ್ ಮಾಡಿ ಕೂರಬೇಡಿ. ಹೊಲಿಗೆ ತೆಗೆಯಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಎಲ್ಲಿ ತೆಗೆಸಬಹುದು ಎಂದು ಡಾಕ್ಟರನ್ನು ಕೇಳಿ. ಗಾಯದಲ್ಲಿ ಕೀವು, ಜ್ವರ, ಮೀನಖಂಡದಲ್ಲಿ ಊತ, ಹೊಸದಾಗಿ ಬಲ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತೋರಿಸಬೇಕು. ಊರಿಗೆ ಹೋದ ಮೇಲೆ ವ್ಯಾಯಾಮ ಯಾರು ಮಾಡಿಸುತ್ತಾರೆ ಎಂಬುದನ್ನೂ ಇಲ್ಲಿಯೇ ಗೊತ್ತುಮಾಡಿಕೊಳ್ಳಿ. ಡಿಸ್ಚಾರ್ಜ್ ಚೀಟಿಯ ಮುಖ್ಯ ಮಾತುಗಳನ್ನು ಕನ್ನಡದಲ್ಲಿ ಬರೆದು ಕೊಟ್ಟು ಕಳಿಸಿದರೆ ಅದೇ ದೊಡ್ಡ ಉಪಕಾರ.

ಕೆಲವರ ಬೆನ್ನುಹುರಿಗೆ ಆದ ಪೆಟ್ಟು ಆಪರೇಷನ್ನಿನಿಂದಲೂ ಸರಿಹೋಗುವುದಿಲ್ಲ. ಅಂಥವರಿಗೂ ದಾರಿ ಇದೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಆಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನ ಪುನಶ್ಚೇತನ ಕೇಂದ್ರ 1966ರಲ್ಲಿ ಆರಂಭವಾದದ್ದು ಅವರಿಂದ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅದೇ ವರ್ಷದ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿ ನಡೆಯಲಾಗದವರಾದರು. ದೆಹಲಿಯ ವಸಂತ್ ಕುಂಜ್‌ನಲ್ಲಿರುವ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದವರು ಅವರೇ. 2022ರಲ್ಲಿ ತೀರಿಕೊಂಡರು.

ನಾನು ಡಾಕ್ಟರಲ್ಲ, ಮಾತಾಡುವುದೇ ಕೆಲಸವಾಗಿರುವ ಒಬ್ಬ ಉದ್ಘೋಷಕಿ. ಚಿಕಿತ್ಸೆಯ ಮಾತು ವೈದ್ಯರದ್ದೇ. ಆದರೆ ಆ ಕೋಣೆಯಲ್ಲಿ ನಿಮ್ಮ ಊರಿನವರ ಬಾಯಿ ನೀವು. ಅವರು ಹೇಳಿದ್ದನ್ನು ಸಣ್ಣದು, ಹಳ್ಳಿ ಮಾತು, ಸಂಬಂಧವಿಲ್ಲದ್ದು ಎಂದು ಬಿಡಬೇಡಿ. ಚಪ್ಪಲಿ ಅಂದರೆ ಚಪ್ಪಲಿ ಎಂದೇ ಹೇಳಿ.